ಅಜ್ಜಿಯ ಹೆಸರನ್ನು ಒಪ್ಪದ ಫಾರ್ಮ್

"ಆಧಾರ್‌ನಾಗೆ ಇರೋದೇ ಅಷ್ಟಪ್ಪ. ಇನ್ನೇನ್ ಹೇಳ್ಲಿ?"

ಬುಧವಾರದಿಂದ ಈ ಮಾತು ತಲೆ ಕೊರೀತಿದೆ. ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರದ ಆನ್‌ಲೈನ್ ಸೆಂಟರಿಗೆ ಅಪ್ಪನ ಪಹಣಿ ತೆಗೆಸಲು ಹೋಗಿದ್ದೆ. ನನಗಿಂತ ಮುಂದೆ ಒಬ್ಬ ಅಜ್ಜಿ. ಮೆಕ್ಕೆಜೋಳದ ದುಡ್ಡು ಖಾತೆಗೆ ಬೀಳಬೇಕೆಂದರೆ ಯಾವುದೋ ಆ್ಯಪ್‌ನಲ್ಲಿ ನೋಂದಾಯಿಸಬೇಕಂತೆ. ಹುಡುಗ ಎಲ್ಲ ತುಂಬಿ ಸೇವ್ ಒತ್ತಿದ. ಸರ್‌ನೇಮ್ ಕಡ್ಡಾಯ ಅಂತ ಕೆಂಪಕ್ಷರ ಬಂತು.

"ಅಜ್ಜಿ, ನಿಮ್ಮ ಸರ್‌ನೇಮ್ ಏನು?"

ಅದಕ್ಕೇ ಆ ಉತ್ತರ. ಹುಡುಗ ಚುಕ್ಕಿ ಇಟ್ಟ, ಒಪ್ಪಲಿಲ್ಲ. ಗಂಡನ ಹೆಸರು ಹಾಕಿದ, ಒಪ್ಪಿತು. "ಅವ್ರು ತೀರ್ಕಂಡಾರಲ್ಲಪ್ಪ, ಅವ್ರ ಹೆಸ್ರಿಗೆ ದುಡ್ಡು ಹೋಗಲ್ಲೇನು?" ಅಂತ ಅಜ್ಜಿ ಗಾಬರಿಯಾದರು. ಅದು ದಡ್ಡ ಪ್ರಶ್ನೆಯಲ್ಲ. ಪಾಸ್‌ಬುಕ್‌ನಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು ಅಂತಾದರೆ ನಾಳೆ ಪರದಾಡೋದು ಅವರೇ.

ಹುಡುಗನನ್ನು ಬೈಯಲಾರೆ. ಅಷ್ಟು ಜನ ಕಾಯುತ್ತಿದ್ದರೂ ಒಮ್ಮೆಯೂ ದನಿ ಏರಿಸಲಿಲ್ಲ. ನನಗೆ ಸಿಟ್ಟು ಬಂದದ್ದು ಆ ಫಾರ್ಮ್ ಬರೆದವರ ಮೇಲೆ. ನಾನೂ ಅದೇ ಕೆಲಸ ಮಾಡುವವಳು. ಆಧಾರ್‌ನಲ್ಲೇ ಹೆಸರಿಗೆ ಇರುವುದು ಒಂದೇ ಜಾಗ. ನಮ್ಮ ಕಡೆ ಊರಿನದೋ ಅಪ್ಪನದೋ ಇನಿಷಿಯಲ್ ಹೆಸರಿನ ಮುಂದೆ ಬರುತ್ತೆ, ಎಷ್ಟೋ ಹೆಂಗಸರಿಗೆ ಅದೂ ಇಲ್ಲ. ಅಂಥವರಿಂದ ಸರ್‌ನೇಮ್ ಕಡ್ಡಾಯವಾಗಿ ಕೇಳಿದರೆ ಸುಳ್ಳು ಬರೆಸಿಕೊಂಡಂತೆಯೇ.

ಅದೇ ಪರದೆಯ ಕೆಳಗೆ ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಇತ್ತು. ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ ಓ ಅಕ್ಷರ ಕೂತಿತ್ತು. ಫಾರ್ಮ್ ತುಟಿ ಪಿಟಕ್ಕೆನ್ನಲಿಲ್ಲ. ಆ ಕೋಡ್‌ಗೆ 11 ಅಕ್ಷರ, ಮೊದಲ 4 ಬ್ಯಾಂಕಿನದು, 5ನೆಯದು ಯಾವಾಗಲೂ ಸೊನ್ನೆ, ಕೊನೆಯ 6 ಶಾಖೆಯದು. ಇದನ್ನು ಪರೀಕ್ಷಿಸಲು ಪ್ರೋಗ್ರಾಂನಲ್ಲಿ ಒಂದು ಸಾಲು ಸಾಕು. ಆಧಾರ್ ಸಂಖ್ಯೆಯ 12ನೇ ಅಂಕಿ ಇರೋದೇ ತಾಳೆ ನೋಡೋಕೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತೆ. ಯಂತ್ರಕ್ಕೆ ಖಚಿತವಾಗಿ ಗೊತ್ತಾಗುವ ತಪ್ಪುಗಳನ್ನು ಬಿಟ್ಟು, ಅದಕ್ಕೆ ಗೊತ್ತೇ ಇಲ್ಲದ ಅಜ್ಜಿಯ ಹೆಸರನ್ನು ತಪ್ಪು ಅನ್ನೋದು ಯಾವ ನ್ಯಾಯ?

ಆಫೀಸಿನಲ್ಲಿ ಫಾರ್ಮ್‌ನ ಫೀಲ್ಡ್‌ಗಳ, ಅಂದರೆ ತುಂಬಬೇಕಾದ ಜಾಗಗಳ, ಪಟ್ಟಿ ಬಂದಾಗ ಯಾವುದು ಕಡ್ಡಾಯ ಅನ್ನೋದನ್ನು ಐದು ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತಾರೆ. ಆ ಕೋಣೆಯಲ್ಲಿ ಇರುವವರಿಗೆಲ್ಲ ಸರ್‌ನೇಮ್ ಇರುತ್ತೆ.

ಹುಡುಗನಿಗೆ ಹೇಳಿ ಓ ತೆಗೆಸಿ ಸೊನ್ನೆ ಹಾಕಿಸಿದೆ. ಗಂಡನ ಹೆಸರು ಮಾತ್ರ ಹಾಗೇ ಉಳಿಯಿತು, ಬೇರೆ ದಾರಿ ಇರಲಿಲ್ಲ. ಎರಡೂ ತಪ್ಪುಗಳನ್ನು ವಿವರಿಸಿ ಆ ಆ್ಯಪ್‌ನವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಅಜ್ಜಿಯ ನಂಬರ್ ಹುಡುಗನ ಹತ್ತಿರ ಇದೆ. ಸೋಮವಾರ ಹೋಗಿ ದುಡ್ಡು ಬಿತ್ತಾ ಅಂತ ವಿಚಾರಿಸ್ತೀನಿ.