ಆಟೋದಲ್ಲಿದೆಯೋ, ಮ್ಯಾನ್ಯುಯಲ್‌ನಲ್ಲೋ?

ಮುಳಬಾಗಿಲು, ಶ್ರೀನಿವಾಸಪುರ ಕಡೆ ಬೋರ್‌ವೆಲ್ ಪ್ಯಾನೆಲ್‌ಗಳಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ, ಮೂರು ಫೇಸ್‌ಗೆ ಮೂರು ದೀಪಗಳ ಜೊತೆ ಒಂದು ಪುಟ್ಟ ಆಟೋ ಸ್ವಿಚ್ಚೂ ಇರುತ್ತದೆ. ಅದು ಆಟೋದಲ್ಲಿದ್ದರೆ ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ಮೋಟರ್ ತಾನಾಗಿ ಹೊರಡುತ್ತದೆ. ಕರೆಂಟ್ ಹೋದಾಗ ಮೂರೂ ದೀಪ ಆರುತ್ತವೆ. ಸ್ವಿಚ್ ಯಾವ ಕಡೆಗಿದೆ ಎಂದು ತಿಳಿಸಲು ಉಳಿಯುವುದು ಸವೆದ ಅಕ್ಷರ ಮಾತ್ರ. ಆ ಹೊತ್ತಿನಲ್ಲಿ ವೈರ್ ಮುಟ್ಟಿದವನಿಗೆ ಏನಾದರೂ ಆದರೆ ‘ನೋಡ್ಕೊಂಡು ಮುಟ್ಬೇಕಿತ್ತು’ ಅಂತಾರೆ. ನೋಡಲು ಅಲ್ಲಿ ಏನಿತ್ತು?

ಹಡಗುಗಳಲ್ಲೂ ಇದೇ ಆಗಿದೆ. 1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತು. ಹೊರಟು ಒಂದು ಗಂಟೆಯೊಳಗೆ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿತು. ಯಂತ್ರ ನಿಲ್ಲಲಿಲ್ಲ. ವೇಗ ಮತ್ತು ದಿಕ್ಕಿನಿಂದಲೇ ಜಾಗವನ್ನು ಅಂದಾಜು ಮಾಡುವ ಕ್ರಮಕ್ಕೆ ಇಳಿಯಿತು. ಗಾಳಿ, ಪ್ರವಾಹದ ಲೆಕ್ಕ ಅದರಲ್ಲಿರಲಿಲ್ಲ. ಅಲಾರಂ ಸುಮಾರು ಒಂದು ಸೆಕೆಂಡ್ ಕೂಗಿ ಸುಮ್ಮನಾಯಿತು. ಪರದೆಯ ಮೇಲೆ ಆ ಅಂದಾಜು ಕ್ರಮದ ಗುರುತಾಗಿ ‘ಡಿಆರ್’ ಎಂಬ ಎರಡು ಪುಟ್ಟ ಅಕ್ಷರ ಉಳಿದವು. ಆಟೋಪೈಲಟ್ ಆ ಅಂದಾಜನ್ನೇ ನಿಜವೆಂದುಕೊಂಡು ಹಡಗನ್ನು ನಡೆಸಿತು. ಆಳ ಕಡಿಮೆಯಾದರೆ ಎಚ್ಚರಿಸಬೇಕಿದ್ದ ಅಲಾರಂ ಸೊನ್ನೆ ಮೀಟರ್‌ಗೆ ಇಟ್ಟಿತ್ತು, ಅಂದರೆ ಅದು ಕೂಗುವಷ್ಟರಲ್ಲಿ ತಳ ತಾಗಿರುತ್ತದೆ. 34 ಗಂಟೆ ಕಳೆದ ಮೇಲೆ, ದಾರಿಯಿಂದ ಸುಮಾರು 17 ಮೈಲಿ ಆಚೆ, ನಾಂಟಕೆಟ್ ಬಳಿಯ ಮರಳುದಿಬ್ಬಕ್ಕೆ ಹಡಗು ಸಿಕ್ಕಿಕೊಂಡಿತು. ಕಾವಲಿನವರು ಬೇರೆ ಉಪಕರಣಗಳ ಜೊತೆ ತಾಳೆ ನೋಡಲಿಲ್ಲ ಎಂಬುದೂ ನಿಜವೇ. ಆದರೆ ತಾನು ಕುರುಡಾದದ್ದನ್ನು ಯಂತ್ರ ಅಷ್ಟು ಮೆಲ್ಲಗೆ ಹೇಳಿದ್ದೇ ಮೊದಲ ತಪ್ಪು.

ಇನ್ನೊಂದು 2017ರ ಆಗಸ್ಟ್ 21ರದು, ಸಿಂಗಪುರದ ಬಳಿ. ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್‌ನಲ್ಲಿ ವೇಗದ ನಿಯಂತ್ರಣವನ್ನಷ್ಟೇ ಪಕ್ಕದ ಪರದೆಗೆ ಕಳಿಸಲು ಹೋದಾಗ ಚುಕ್ಕಾಣಿಯೂ ಅಲ್ಲಿಗೇ ಹೋಯಿತು. ಚುಕ್ಕಾಣಿಗಾರ ಅದು ಕೆಟ್ಟಿತೆಂದುಕೊಂಡ. ಎರಡು ಪ್ರೊಪೆಲರ್‌ಗಳ ವೇಗ ಒಟ್ಟಿಗೇ ಬದಲಾಗುವಂತೆ ಮಾಡುವ ಜೋಡಣೆ ಬಿಟ್ಟಿದ್ದು ಗೊತ್ತಾಗದೆ ಎಡಗಡೆಯದೊಂದರ ವೇಗ ಮಾತ್ರ ಇಳಿಸಿದರು. ನೌಕೆ ಎಡಕ್ಕೆ ತಿರುಗಿ ಟ್ಯಾಂಕರ್‌ಗೆ ಅಡ್ಡಬಂತು. ಹತ್ತು ಜನ ಸತ್ತರು. ಹಳೆಯ ಕಾಲದ ಜೋಡಿ ಹಿಡಿಕೆಯಾಗಿದ್ದರೆ ಒಂದು ಮುಂದೆ, ಒಂದು ಹಿಂದೆ ಇರುವುದು ಕೈಗೇ ಗೊತ್ತಾಗುತ್ತಿತ್ತು. 2019ರಲ್ಲಿ ಆ ನೌಕಾಪಡೆ ಟಚ್‌ಸ್ಕ್ರೀನ್ ಥ್ರಾಟಲ್ (ವೇಗದ ನಿಯಂತ್ರಣ) ಬಿಟ್ಟು ಹಿಡಿಕೆಗೇ ಮರಳಲು ತೀರ್ಮಾನಿಸಿತು.

ಕಂಟ್ರೋಲ್ ರೂಮ್ ವಿನ್ಯಾಸದಲ್ಲಿ ಬಣ್ಣ, ಕುರ್ಚಿ, ಬೆಳಕು ಎಲ್ಲಕ್ಕಿಂತ ಮುಂಚೆ ಬರಬೇಕಾದ ಪ್ರಶ್ನೆ ಇದು: ಯಂತ್ರ ಈಗ ಯಾವ ಕ್ರಮದಲ್ಲಿದೆ, ನಿಯಂತ್ರಣ ಯಾರ ಕೈಯಲ್ಲಿದೆ? ಕ್ರಮ ಬದಲಾದರೆ ಯಾರಾದರೂ ಒಪ್ಪಿಗೆಯ ಗುಂಡಿ ಒತ್ತುವವರೆಗೆ ಸದ್ದು ನಿಲ್ಲಬಾರದು. ಹಾಗಂತ ಎಲ್ಲದಕ್ಕೂ ಕೂಗಿಸಿದರೆ ಜನ ಬಾಯಿ ಮುಚ್ಚಿಸುತ್ತಾರೆ. ನಮ್ಮಲ್ಲಿ ಪದೇ ಪದೇ ಟ್ರಿಪ್ ಆಗುವ ಸಿಂಗಲ್ ಫೇಸ್ ಪ್ರಿವೆಂಟರ್‌ಗೆ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಬೈಪಾಸ್ ವೈರ್ ಹಾಕಿ, ಆಮೇಲೆ ಒಂದು ಫೇಸ್ ಹೋದ ದಿನ ವೈಂಡಿಂಗ್ ಸುಡಿಸಿಕೊಳ್ಳುವುದಿಲ್ಲವೇ, ಹಾಗೆ.

ಪಂಪ್‌ಹೌಸ್‌ನಲ್ಲಿ ಆ ಪುಟ್ಟ ಸ್ವಿಚ್ ತೆಗೆದು ಉದ್ದ ಹಿಡಿಯ ರೋಟರಿ ಸ್ವಿಚ್ ಹಾಕಿಸಿ, ಕತ್ತಲಲ್ಲಿ ತಡವಿದರೂ ಆಟೋ ಯಾವುದು, ಆಫ್ ಯಾವುದು ತಿಳಿಯುವಂತೆ. ಹಾಕಿಸುವವರೆಗೆ, ವೈರ್ ಮುಟ್ಟುವ ಮುಂಚೆ ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.