ಕಿತ್ತಳೆ ಡಬ್ಬಿ ಇನ್ನೂ ನನ್ನ ಜೇಬಿನಲ್ಲಿದೆ

ರ್‍ಯಾಬಿಟ್ ಆರ್‌ವನ್ ಅನ್ನುವ, ಮಾತಾಡಿ ಕೇಳಿದರೆ ಉತ್ತರ ಕೊಡುವ ಎಐ ಸಾಧನದ ಬಗ್ಗೆ 2024ರಲ್ಲಿ ಎಲ್ಲರೂ ಬರೆದರು, ಆಮೇಲೆ ಎಲ್ಲರೂ ಮರೆತರು. ಬಂದ ಮೊದಲ ವಾರದ ರಿವ್ಯೂಗಳು ಬೇಕಾದಷ್ಟು ಸಿಗುತ್ತವೆ. ಇಟ್ಟುಕೊಂಡು ದಿನಾ ಬಳಸುವವರು ಬರೆದದ್ದು ತೀರಾ ಕಡಿಮೆ, ಕನ್ನಡದಲ್ಲಂತೂ ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ನಾನು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಶುರುವಿನಲ್ಲೇ ತಗೊಂಡವನು, ಇವತ್ತಿಗೂ ಬಳಸುತ್ತಿದ್ದೇನೆ. ಅದಕ್ಕೇ ಬರೆಯೋಣ ಅನ್ನಿಸಿತು.

ನೋಡದವರಿಗೆ ಹೇಳಿಬಿಡುತ್ತೇನೆ. ಇದು ಅಂಗೈಯಲ್ಲಿ ಕೂರುವ ಚೌಕದ ಕಿತ್ತಳೆ ಡಬ್ಬಿ, ತೂಕ 115 ಗ್ರಾಂ. 2.88 ಇಂಚಿನ ಸಣ್ಣ ಸ್ಕ್ರೀನ್, ಪಕ್ಕದಲ್ಲಿ ಒಂದು ಬಟನ್, ಬೆರಳಿನಿಂದ ತಿರುಗಿಸುವ ಒಂದು ಚಕ್ರ, ಹಿಂದಕ್ಕೂ ಮುಂದಕ್ಕೂ ತಾನೇ ತಿರುಗುವ ಒಂದು ಕ್ಯಾಮೆರಾ. ಬಟನ್ ಒತ್ತಿ ಹಿಡಿದು ಮಾತಾಡಬೇಕು, ಬಿಟ್ಟ ಮೇಲೆ ಉತ್ತರ ಬರುತ್ತದೆ. ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಅನ್ನುವ ಕಂಪನಿ ಜೊತೆ ಸೇರಿ ವಿನ್ಯಾಸ ಮಾಡಿದ್ದು. ಜನವರಿ 2024ರಲ್ಲಿ, ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದ ಹೊತ್ತಿಗೆ, ಕಂಪನಿಯ ಸ್ಥಾಪಕ ಜೆಸ್ಸಿ ಲ್ಯೂ ಇದನ್ನು ತೋರಿಸಿದಾಗ ಬೆಲೆ 199 ಡಾಲರ್, ತಿಂಗಳ ಚಂದಾ ಇಲ್ಲ ಅಂದರು. ಮೊದಲ 10,000 ಒಂದೇ ದಿನದಲ್ಲಿ ಬುಕ್ ಆಗಿಹೋದವು.

ಚಂದಾ ಇಲ್ಲ ಅನ್ನುವ ಆ ಒಂದು ಮಾತಿಗೇ ನಾನು ತಗೊಂಡಿದ್ದು. ಯಾಕೆ ಅದು ಅಷ್ಟು ಮುಖ್ಯ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಆಗ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದನ್ನು ಫೋನಿನಲ್ಲಿ ಒಂದು ಆ್ಯಪ್ ಮಾಡಿದ್ದರೆ ಸಾಕಿತ್ತಲ್ಲ? ತಾಂತ್ರಿಕವಾಗಿ ಅದು ಸರಿಯೇ. ಒಳಗಿರುವುದು ಆಂಡ್ರಾಯ್ಡ್, ಮೀಡಿಯಾಟೆಕ್‌ನ ಹಳೆಯ ಹೀಲಿಯೊ ಪಿ35 ಚಿಪ್, 4 ಜಿಬಿ ರ್‍ಯಾಮ್. ಡಬ್ಬಿ ಜನರ ಕೈ ಸೇರಿದ ಕೆಲವೇ ದಿನಗಳಲ್ಲಿ ಅದರ ಸಾಫ್ಟ್‌ವೇರನ್ನು ಒಂದು ಪಿಕ್ಸೆಲ್ ಫೋನಿನಲ್ಲಿ ಓಡಿಸಿ ತೋರಿಸಿದರು. ಯೋಚನೆಯ ಕೆಲಸವೆಲ್ಲ ಸರ್ವರ್‌ನಲ್ಲೇ ನಡೆಯುತ್ತದೆ, ಡಬ್ಬಿ ಮಾತು ಕಳಿಸುತ್ತದೆ, ಉತ್ತರ ತರುತ್ತದೆ, ಅಷ್ಟೇ.

ಆದರೂ ಇದು ಫೋನಲ್ಲ, ಮತ್ತು ನನಗೆ ಬೇಕಾಗಿದ್ದು ಅದೇ. ಫೋನ್ ಕೈಗೆ ತಗೊಂಡರೆ ಏನಾಗುತ್ತದೆ ನಿಮಗೂ ಗೊತ್ತು ಅಲ್ವಾ? ಏನೋ ಒಂದು ಕೇಳೋಣ ಅಂತ ತೆಗೆಯುತ್ತೇವೆ, ಅಷ್ಟರಲ್ಲಿ ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರದೋ ಗೃಹಪ್ರವೇಶದ ಫೋಟೋಗಳು ಬಂದಿರುತ್ತವೆ, ಅದರ ಹಿಂದೆ ಆಫೀಸಿನ ಮೇಲ್, ಅದರ ಹಿಂದೆ ಇನ್ನೊಂದು, ಕೊನೆಗೆ ಕೇಳಬೇಕಿದ್ದ ವಿಷಯವೇ ಮರೆತಿರುತ್ತದೆ. ಡಬ್ಬಿಯಲ್ಲಿ ಇವು ಯಾವುವೂ ಇಲ್ಲ. ಬಟನ್ ಒತ್ತುತ್ತೇನೆ, ಕೇಳುತ್ತೇನೆ, ಜೇಬಿಗೆ ಹಾಕುತ್ತೇನೆ.

ಈಗ ನನ್ನ ಬಳಕೆ ಎರಡು ಮೂರು ಕೆಲಸಕ್ಕೆ ಬಂದು ನಿಂತಿದೆ. ಸಂಜೆ ವಾಕಿಂಗ್ ಹೋಗುವಾಗ ತಲೆಗೆ ಬಂದದ್ದನ್ನು ಹೇಳಿ ರೆಕಾರ್ಡ್ ಮಾಡುತ್ತೇನೆ, ಮನೆಗೆ ಬಂದು ಕಂಪನಿಯ ವೆಬ್‌ಸೈಟಿನ ರ್‍ಯಾಬಿಟ್‌ಹೋಲ್ ಪೋರ್ಟಲ್‌ನಲ್ಲಿ ಅದರ ಬರಹವನ್ನೂ ಸಾರಾಂಶವನ್ನೂ ನೋಡುತ್ತೇನೆ. ಪಕ್ಕದ ಮನೆಯ ಅಜ್ಜಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಅಷ್ಟಾಗಿ ಬರುವುದಿಲ್ಲ. ನಮ್ಮಿಬ್ಬರ ನಡುವೆ ಬೇಲಿಯ ಮೇಲೆ ಅನುವಾದಕ್ಕೆ ಡಬ್ಬಿ ಇಟ್ಟುಕೊಂಡು ಗಿಡಗಳ ಬಗ್ಗೆ ಮಾತಾಡುತ್ತೇವೆ. ಅವರು ಮೆಣಸಿನ ಗಿಡದ ಬಗ್ಗೆ ಹೇಳಿಕೊಟ್ಟದ್ದೆಲ್ಲ ಹೀಗೇ ಬಂದದ್ದು. ಮನೆಯಲ್ಲಿ ಕನ್ನಡ ಮಾತಾಡುವ ನಾನು ಇದರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ, ಅದು ಅಭ್ಯಾಸವಾಗಿದೆ. ಊಬರ್ ಕರೆಯುವುದು, ಊಟ ತರಿಸುವುದು ಇವಕ್ಕೆಲ್ಲ ನನಗೆ ಫೋನೇ ಸುಲಭ.

ಇಷ್ಟು ಕಾಲ ಇಟ್ಟುಕೊಂಡಿದ್ದಕ್ಕೆ ದೊಡ್ಡ ಕಾರಣ ಅಪ್‌ಡೇಟ್‌ಗಳು. ಶುರುವಿನ ರಿವ್ಯೂಗಳಲ್ಲಿ ಬ್ಯಾಟರಿ ಬಗ್ಗೆ ಬಂದ ದೂರು ನಿಜ, ಸುಮ್ನೆ ಇಟ್ಟರೂ ಇಳಿದುಹೋಗುತ್ತಿತ್ತು. ಒಳಗಿರುವುದು 1000 ಎಂಎಎಚ್ ಬ್ಯಾಟರಿ, ಇವತ್ತಿನ ಫೋನುಗಳಲ್ಲಿ ಅದರ ನಾಲ್ಕೈದು ಪಟ್ಟು ಇರುತ್ತದೆ. ಕೆಲವೇ ದಿನಗಳಲ್ಲಿ ಬಂದ ಅಪ್‌ಡೇಟ್ ಅದನ್ನು ಎಷ್ಟೋ ಸರಿಮಾಡಿತು. ಜೂನ್‌ನಲ್ಲಿ ಕೆಲವು ಹವ್ಯಾಸಿಗಳು ಕಂಪನಿಯ ಕೋಡ್‌ನಲ್ಲಿ ಬೇರೆ ಸೇವೆಗಳ ಗುಪ್ತ ಕೀಗಳು (ಪಾಸ್‌ವರ್ಡ್ ಇದ್ದ ಹಾಗೆ) ಹಾಗೇ ಬರೆದಿಟ್ಟಿದ್ದನ್ನು ಬಯಲು ಮಾಡಿದರು. ಜುಲೈನಲ್ಲಿ, ಡಬ್ಬಿಯೊಳಗೆ ಉಳಿಯುತ್ತಿದ್ದ ಮಾಹಿತಿಯನ್ನು ಅಳಿಸಲು ಫ್ಯಾಕ್ಟರಿ ರಿಸೆಟ್ ಸೇರಿಸಿದರು. ಅಲ್ಲಿಯವರೆಗೆ ಮಾಲೀಕರಿಗೆ ಆ ದಾರಿಯೇ ಇರಲಿಲ್ಲ. ಜೇಬಿನಲ್ಲಿಟ್ಟು ಮಾತಾಡುವ ವಸ್ತುವಿಗೆ ಇದು ಮೊದಲ ದಿನವೇ ಇರಬೇಕಿತ್ತು, ಇದರಲ್ಲಿ ರಾಜಿ ಇಲ್ಲ. ಸೆಪ್ಟೆಂಬರ್ 2025ರಲ್ಲಿ ರ್‍ಯಾಬಿಟ್ ಓಎಸ್ 2 ಬಂತು. ಕಾರ್ಡುಗಳ ಹಾಗೆ ಸರಿಸುವ ಹೊಸ ಮುಖ, ಜೊತೆಗೆ ಕ್ರಿಯೇಷನ್ಸ್: ಏನು ಬೇಕು ಅಂತ ಬಾಯಲ್ಲಿ ಹೇಳಿದರೆ ಒಂದು ಸಣ್ಣ ಆ್ಯಪ್ ಮಾಡಿಕೊಡುತ್ತದೆ. ನಾನು ಮಗಳಿಗೆ ಮಗ್ಗಿ ಕೇಳುವ ಆಟ ಮಾಡಿಸಿಕೊಂಡೆ. ಅವಳಿಗೆ ಈಗ ಈ ಡಬ್ಬಿ ಅಂದರೆ ಮಗ್ಗಿ ಡಬ್ಬಿ.

ಈಗ ಚಂದಾದ ಮಾತಿಗೆ ಬರೋಣ. ಇದೇ ಹೊತ್ತಿಗೆ ಬಂದ ಇನ್ನೊಂದು ವಸ್ತು ಹ್ಯೂಮೇನ್ ಎಐ ಪಿನ್, ಅಂಗಿಗೆ ಸಿಕ್ಕಿಸಿಕೊಳ್ಳುವಂಥದ್ದು, ಅಂಗೈ ಮೇಲೆ ಲೇಸರ್‌ನಲ್ಲಿ ಅಕ್ಷರ ಮೂಡಿಸುತ್ತಿತ್ತು. ಆ್ಯಪಲ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಇಮ್ರಾನ್ ಚೌಧ್ರಿ, ಬೆಥನಿ ಬೊಂಜೋರ್ನೊ ಕಟ್ಟಿದ ಕಂಪನಿ. ಬೆಲೆ 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ಫೆಬ್ರವರಿ 2025ರಲ್ಲಿ ಎಚ್‌ಪಿ 116 ಮಿಲಿಯನ್ ಡಾಲರ್ ಕೊಟ್ಟು ಅದರ ತಂತ್ರಜ್ಞಾನವನ್ನೂ ಹೆಚ್ಚಿನ ಕೆಲಸಗಾರರನ್ನೂ ತಗೊಂಡಿತು, ಪಿನ್ ಮಾತ್ರ ಬೇಡವಾಯಿತು. ಸುದ್ದಿ ಬಂದದ್ದು 18ಕ್ಕೆ, ಸರ್ವರ್ ನಿಂತದ್ದು 28ಕ್ಕೆ. ಹತ್ತೇ ದಿನ! ಹಣ ವಾಪಸ್ ಸಿಕ್ಕಿದ್ದು ಕೊನೆಯ 90 ದಿನದಲ್ಲಿ ತಗೊಂಡವರಿಗೆ ಮಾತ್ರ. ಮೊದಲು ನಂಬಿ ತಗೊಂಡು ತಿಂಗಳು ತಿಂಗಳು ದುಡ್ಡು ಕಟ್ಟಿದವರಿಗೆ ಏನೂ ಇಲ್ಲ. ಇದನ್ನು ಓದಿದಾಗ ನನಗೆ ನಿಜವಾಗಿ ಸಿಟ್ಟು ಬಂತು, ಈಗಲೂ ಬರುತ್ತದೆ. ವಸ್ತು ಕೆಟ್ಟಿಲ್ಲ, ಬ್ಯಾಟರಿ ಇದೆ, ಕ್ಯಾಮೆರಾ ಇದೆ, ಎಲ್ಲ ಇದ್ದೂ ಅದು ಕೆಲಸಕ್ಕೆ ಬಾರದ್ದಾಯಿತು.

ನನ್ನ ಡಬ್ಬಿಯ ಬಾಳೂ ಸರ್ವರ್‌ನ ಮೇಲೇ ನಿಂತಿದೆ. ಚಂದಾ ಇಲ್ಲ ಅಂದರೆ ನಾನು ಕೊಟ್ಟ 199 ಡಾಲರ್‌ನಲ್ಲೇ ಅವರು ಸರ್ವರ್ ಖರ್ಚು ನೋಡಿಕೊಳ್ಳಬೇಕು, ಅದು ಎಲ್ಲಿಯವರೆಗೆ ಅನ್ನುವ ಪ್ರಶ್ನೆ ಇದ್ದೇ ಇದೆ. ಒಂದು ಸಮಾಧಾನ ಏನೆಂದರೆ, ಹವ್ಯಾಸಿಗಳು ಇದರ ಮೇಲೆ ಮಾಮೂಲಿ ಆಂಡ್ರಾಯ್ಡ್ ಹಾಕುವ ದಾರಿ ಆಗಲೇ ಕಂಡುಕೊಂಡಿದ್ದಾರೆ. ಪೆಬಲ್ ಸ್ಮಾರ್ಟ್ ಗಡಿಯಾರದ ಕಥೆ ನೆನಪಿದೆಯಾ? ಜೂನ್ 2018ರಲ್ಲಿ ಅದರ ಸರ್ವರ್ ನಿಂತಾಗ ರೆಬಲ್ ಅನ್ನುವ ಗುಂಪು ತಮ್ಮದೇ ಸರ್ವರ್ ಕಟ್ಟಿ ಗಡಿಯಾರಗಳನ್ನು ಉಳಿಸಿತು. ಪೆಬಲ್ ಅಷ್ಟರಲ್ಲಿ ಗೂಗಲ್ ಕೈ ಸೇರಿತ್ತು, ಜನವರಿ 2025ರಲ್ಲಿ ಗೂಗಲ್ ಅದರ ಸಾಫ್ಟ್‌ವೇರನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಮುಚ್ಚುವ ಕಂಪನಿಗಳೆಲ್ಲ ಮುಚ್ಚುವ ದಿನವೇ ಹೀಗೆ ಬಿಟ್ಟುಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡು ಕೊಟ್ಟವರು ನಾವು.

ಈಗ ತಗೋಬಹುದಾ ಅಂತ ಸ್ನೇಹಿತರು ಕೇಳುತ್ತಾರೆ. ಫೋನಿನ ಬದಲು ಬೇಕು ಅಂದರೆ ಬೇಡ. ಫೋನಿನಿಂದ ಸ್ವಲ್ಪ ದೂರ ಇರಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಒಂದು ನೋಡಿ. ಮಾರುವವರು ಅವರ ಖಾತೆಯಿಂದ ತೆಗೆದು, ರಿಸೆಟ್ ಮಾಡಿ ಕೊಟ್ಟಿದ್ದಾರಾ ಖಚಿತ ಮಾಡಿಕೊಳ್ಳಿ. ಸಿಮ್ ಬೇಕಾಗಿಲ್ಲ, ಮನೆಯ ವೈಫೈ, ಹೊರಗೆ ಫೋನಿನ ಹಾಟ್‌ಸ್ಪಾಟ್ ಸಾಕು. ಚಕ್ರ ಸಲೀಸಾಗಿ ತಿರುಗುತ್ತದಾ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅವರ ಮುಂದೆಯೇ ನೋಡಿ, ಯಾಕೆಂದರೆ ನಾವೇ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುವ ಹಾಗೆ ಇದನ್ನು ಮಾಡಿಲ್ಲ. ಮತ್ತೆ ನೀವು ರೆಕಾರ್ಡ್ ಮಾಡಿದ್ದನ್ನು ಪೋರ್ಟಲ್‌ನಲ್ಲೇ ಬಿಡಬೇಡಿ. ನಾನು ಪ್ರತಿ ಭಾನುವಾರ ನನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ.