ಮುನಿರಾಬಾದ್ ಹಿನ್ನೀರಿಗೆ ಗಾಳ ಹಿಡಿದು ಹೊರಟವರಿಗೆ

ತುಂಗಭದ್ರಾ ಹಿನ್ನೀರಿನ ದಡದಲ್ಲಿ ಯಾರಾದರೂ ಬಂದು "ಮೀನು ಹಿಡಿಯಾಕ ಪರ್ಮಿಶನ್ ನಾನ ಕೊಡ್ತೀನ್ರಿ" ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ಹತ್ತಿರ ಒಬ್ಬ ಐನೂರು ರೂಪಾಯಿ ಇಸಿದುಕೊಂಡ. ರಸೀದಿ ಕೇಳಿದರೆ "ಇಲ್ಲೆಲ್ಲ ಬಾಯಿಮಾತ ನಡಿತೈತಿ" ಅಂದು ಬೈಕ್ ಹತ್ತಿ ಹೋಗೇಬಿಟ್ಟ. ಸ್ವಲ್ಪ ಹೊತ್ತಿಗೆ ತೆಪ್ಪದಲ್ಲಿ ಬಂದ ಮೀನುಗಾರರು ಅವನು ಯಾರೋ ಗೊತ್ತೇ ಇಲ್ಲ ಅಂದರು. ಪುಣ್ಯಕ್ಕೆ ಅವರು ಜಗಳ ತೆಗೆಯಲಿಲ್ಲ. ನೀವು ಮೊದಲು ಟಿಬಿ ಡ್ಯಾಂನಲ್ಲಿ (ತುಂಗಭದ್ರಾ ಅಣೆಕಟ್ಟೆ) ಅದನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯವರನ್ನು ವಿಚಾರಿಸಿ. ಎಲ್ಲಿ ಗಾಳ ಹಾಕಬಹುದು ಅನ್ನುವುದನ್ನು ಬರೆಸಿಕೊಂಡೇ ಹೋಗಿ.

ನಾನು ಹೋದದ್ದು ನಮ್ಮ ಕಾಕಾನ ಜೊತೆ. ಅಷ್ಟು ಆಸೆಯಿಂದ ಗಾಳ ಹಾಕುವವರನ್ನು ನಾನು ಬೇರೆ ನೋಡಿಲ್ಲ. ಮೀನು ಮಾತ್ರ ಅವರಿಗೆ ಸಿಗುವುದಿಲ್ಲ.

ಬಳ್ಳಾರಿಯಿಂದ ರೈಲಿನಲ್ಲಿ ಆರಾಮಾಗಿ ಬಂದೆವು. ಕಷ್ಟ ಶುರುವಾದದ್ದು ಹುಲಗಿ ಬಸ್ಸಿನಲ್ಲಿ. ಅವತ್ತು ಮಂಗಳವಾರ, ಹುಲಗಿಯ ದೇವಿ ಹುಲಿಗೆಮ್ಮನ ವಾರ. ತೆಂಗಿನಕಾಯಿ ಚೀಲ, ಕುಂಕುಮದ ಬುಟ್ಟಿ, ಮಕ್ಕಳು, ಕಾಲಿಡಲು ಜಾಗ ಇಲ್ಲ. ಅದರ ನಡುವೆ ಕಾಕಾನ ಉದ್ದನೆಯ ಬಿದಿರಿನ ಕೋಲು. ಅದು ಒಬ್ಬ ಅಜ್ಜಿಯ ಸೆರಗಿಗೆ ಸಿಕ್ಕಿಕೊಂಡಿತು. ಬಿಡಿಸುತ್ತಲೇ ಕಾಕಾ ಆಕೆಗೆ ಕಟ್ಲಾ ಮೀನಿಗೂ ರೋಹುಗೂ ಏನು ವ್ಯತ್ಯಾಸ ಅಂತ ಪೂರ್ತಿ ಹೇಳಿ ಮುಗಿಸಿದರು. ಗದ್ದಲ ನನಗೆ ಆಗುವುದೇ ಇಲ್ಲ. ಅದಕ್ಕೇ ಹೇಳುತ್ತೇನೆ, ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ. ಮಡಚುವ ಕೋಲು ಒಯ್ಯಿರಿ.

ಹಿನ್ನೀರಿನಲ್ಲಿ ಬಿಸಿಲೇರಿದ ಮೇಲೆ ಕೂತು ಪ್ರಯೋಜನವಿಲ್ಲ, ನಸುಕಿನಲ್ಲೇ ಹೋಗಿ. ಬೇಸಿಗೆಯಂತೂ ಬೇಡ, ನೀರು ಹಿಂದೆ ಸರಿದು ಬರೀ ಕೆಸರು ದಾಟಬೇಕು. ಕಾಕಾ ತಂಗೂಸಿ ದಾರಕ್ಕೆ ಕೊಕ್ಕೆ ಕಟ್ಟುವಷ್ಟರಲ್ಲಿ ಎರೆಹುಳು ಒಣಗಿತ್ತು. ಮೊದಲ ಸಲ ಬೀಸಿದ್ದು ಹಿಂದಿನ ಜಾಲಿ ಗಿಡಕ್ಕೆ ಸಿಕ್ಕಿತು. ಆಮೇಲೆ ಅವರದೇ ಟವಲ್ಲಿಗೆ. ಕೊನೆಗೊಮ್ಮೆ ಬೆಂಡು ಮುಳುಗಿತು. ಕಾಕಾ ಖುಷಿಯಿಂದ ಎಷ್ಟು ಜೋರಾಗಿ ಕೂಗಿದರೆಂದರೆ ಮೇಯುತ್ತಿದ್ದ ಎಮ್ಮೆಗಳೆಲ್ಲ ತಿರುಗಿ ನೋಡಿದವು. ಮೀನು ಉಳಿಯುತ್ತಾ? ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆಯ ಕಾಲ ಬಳಿ ಮುಸುರೆಗೆ ಮರಿಮೀನುಗಳು ಮುತ್ತಿದ್ದವು. ಕಾಕಾ ಮೆಲ್ಲಗೆ ಅತ್ತ ಗಾಳ ಸರಿಸಿದರು. "ಆ ಕಡೆ ಹೋಗೋ ಯಪ್ಪಾ, ನನ್ನ ಸೀರಿ ಹಿಡಿದೀಯಿ" ಅಂದಳು ಆಕೆ. ನಾನು ನಕ್ಕೆ, ಆಕೆ ನಕ್ಕಳು, ಕಾಕಾ ಎಲ್ಲರಿಗಿಂತ ಜಾಸ್ತಿ ನಕ್ಕರು. ಇಂಥ ಮನುಷ್ಯನ ಜೊತೆ ಹೋದರೆ ಖಾಲಿ ಬುಟ್ಟಿ ಬೇಜಾರೇ ಅಲ್ಲ.

ಊಟದ ಮಾತು. ಮುನಿರಾಬಾದಿನಲ್ಲಿ ರಸ್ತೆ ಬದಿಯ ತಗಡಿನ ಶೆಡ್ ಒಂದರಲ್ಲಿ ವಗ್ಗರಣಿ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಬಜ್ಜಿ ತಿಂದೆವು. ಮಂಡಕ್ಕಿ ನೀರಲ್ಲಿ ನೆನೆದರೂ ಮುದ್ದೆಯಾಗಿರಲಿಲ್ಲ. ಹುಣಸೆಹುಳಿ ಹದವಾಗಿತ್ತು, ಮೇಲೆ ಪುಟಾಣಿ ಪುಡಿ ಧಾರಾಳ. ಮಿರ್ಚಿಯನ್ನು ಬಾಣಲೆಯಿಂದ ಸೀದಾ ಕಾಗದದ ಮೇಲೆ ಹಾಕಿಕೊಟ್ಟರು. ಮೆಣಸಿನಕಾಯಿ ಖಾರ ಕಿವಿಗೆ ಏರಿದಾಗ ಆ ಅಣ್ಣ ಕೇಳದೆಯೇ ಇನ್ನೊಂದು ಹಿಡಿ ವಗ್ಗರಣಿ ಹಾಕಿದ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಇಬ್ಬರಿಗೂ ಚಹಾ ಸೇರಿ ನೂರು ರೂಪಾಯಿ ಆಗಲಿಲ್ಲ. ಎಂಟು ಗಂಟೆಯೊಳಗೆ ಹೋಗಿ, ಆಮೇಲೆ ಬಾಣಲೆ ಇಳಿಸುತ್ತಾರೆ.

ಆನೆಗೊಂದಿ ಕಡೆ ಹೋಗುವುದಾದರೆ ಗಾಳವನ್ನು ರೂಮಿನಲ್ಲೇ ಬಿಡಿ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಬೆಳಗಿನ ಹೊತ್ತು ಬಂಡೆಗಳ ನಡುವೆ ಅವು ಗುಂಪಾಗಿ ಬಂದವು. ಒಂದು ಮುಳುಗಿ ಎದ್ದಾಗ ಬಾಯಲ್ಲಿ ಮೀನಿತ್ತು. ಕಾಕಾ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬೇಟೆಯ ಹುಚ್ಚೂ ಅವರಿಗಿದೆ. ಹುಡುಗನಾಗಿದ್ದಾಗ ಕವಣೆ ಹಿಡಿದು ಕೌಜುಗದ ಹಕ್ಕಿಯ ಹಿಂದೆ ಓಡಿದ ಕಥೆ ದಾರಿಯುದ್ದಕ್ಕೂ ಹೇಳಿದರು. ಒಂದೂ ಬಿದ್ದ ಕಥೆ ಅದರಲ್ಲಿಲ್ಲ. 1972ರ ವನ್ಯಜೀವಿ ಕಾಯ್ದೆ ಇರುವಾಗ ಕೌಜುಗ, ಮೊಲ ಅಂತ ಯಾರಾದರೂ ಕರೆದರೆ ಹೋಗಲೇಬೇಡಿ.

ನದಿಗೆ ಇಳಿಯಬೇಡಿ, ಮೊಸಳೆಗಳಿವೆ. ಮಳೆಗಾಲದಲ್ಲಿ ಗೇಟ್ ತೆಗೆದರೆ ನೀರು ಬೇಗ ಏರುತ್ತದೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಗಿ ನದಿಗೆ ನೀರು ನುಗ್ಗಿದ್ದು ಈ ಕಡೆಯವರಿಗೆಲ್ಲ ನೆನಪಿದೆ. ಬಂಡೆ ಮೇಲೆ ಕೂರುವ ಮುನ್ನ ಊರವರನ್ನು ಕೇಳಿ, ಅವರು ಬೇಡ ಅಂದರೆ ವಾಪಸ್ ಬನ್ನಿ.